ಸಮಗಲ್ಲು

ಅಂಗಡಿಗೆ ಬಿಲ್ಲಿಂಗ್ ಮಷಿನ್ ತರೋಣ ಎಂದು ಇವರು ಮೊದಲ ಸಲ ಹೇಳಿದಾಗ ನಾನು ಪದ್ದಮ್ಮನ ಮನಸ್ಸನ್ನು ಸಮ ಮಾಡುತ್ತ ಕೂತಿದ್ದೆ. ತಟ್ಟೆಗೆ ಹಾಕಬೇಕಾಗಿದ್ದ ಕಲ್ಲು ಕೈಯಲ್ಲೇ ಉಳಿಯಿತು. ಪದ್ದಮ್ಮ ವಾಡಿಕೆಯಂತೆ ಕತ್ತೆತ್ತಿ ಜಂತೆ ನೋಡುತ್ತಿದ್ದರು. ಇವರ ಮಾತು ಅವರ ಕಿವಿಗೂ ಬಿದ್ದಿತ್ತು, ಆದರೆ ಕತ್ತು ಇಳಿಸಲಿಲ್ಲ. ಇಳಿಸದೆ ಇದ್ದದ್ದೇ ನನಗೆ ಸರಿಕಾಣಲಿಲ್ಲ. ಊರಿನಲ್ಲಿ ಹೊಸ ಸುದ್ದಿ ಹುಟ್ಟಿದರೆ ಎಲ್ಲರಿಗಿಂತ ಮೊದಲು ತಿರುಗುವ ಕತ್ತು ಅದು.

"ಯಾಕೆ ಬೇಕು?" ಅಂದೆ.

"ಎಲ್ಲಾ ಕಡೆ ಬಂದಿದೆ. ಬಸ್ ಸ್ಟ್ಯಾಂಡ್ ಹತ್ರ ಹೊಸ ಅಂಗ್ಡಿಯವ್ರೂ ಇಟ್ಕೊಂಡಿದಾರೆ. ನಿಂಗೂ ಸ್ವಲ್ಪ ಬಿಡುವಾಗತ್ತೆ," ಅಂದರು ಇವರು, ನನ್ನ ಮುಖ ನೋಡದೆ. ಆಮೇಲೆ ಹಿಂಗಿನ ಡಬ್ಬ ತರುತ್ತೇನೆಂದು ಒಳಗೆ ಹೋದವರು ಡಬ್ಬ ಇಲ್ಲದೆ ಬಂದರು.

"ಜೀರಿಗೆ ಕೊಡು ತುಂಗಾ, ಕತ್ತು ನೋಯ್ತಿದೆ," ಅಂದರು ಪದ್ದಮ್ಮ ಜಂತೆಗೆ.

ನಮ್ಮೂರಿನಲ್ಲಿ ತಕ್ಕಡಿಯ ಕಟ್ಟೆಗೆ ಯಾರು ಬಂದು ನಿಂತರೂ ಸಾಮಾನಿನ ತಟ್ಟೆ ಒಂದಿಷ್ಟು ಕೆಳಗೆ ಬರುತ್ತದೆ. ತಟ್ಟೆಯಲ್ಲಿ ಏನೂ ಇಲ್ಲದಿದ್ದರೂ, ಅವರ ಮನಸ್ಸಿನ ಭಾರ ಇರುವಷ್ಟು. ತೂಗುವವರು ಮೊದಲು ಆಚೆ ತಟ್ಟೆಗೆ ಹೊಳೆಗಲ್ಲು ಹಾಕಿ ಮುಳ್ಳನ್ನು ನೆಟ್ಟಗೆ ಮಾಡಬೇಕು. ಬೇಳೆ, ತೂಕದ ಬಟ್ಟು ಎಲ್ಲ ಆಮೇಲೆ. ಈ ಹೊಳೆಗಲ್ಲಿಗೆ ಸಮಗಲ್ಲು ಅನ್ನುತ್ತೇವೆ. ಕಲ್ಲು ಬೀಳುವಾಗ ಕೊಳ್ಳುವವರು ಜಂತೆ ನೋಡಬೇಕು, ತೂಗುವವರು ಮುಳ್ಳು ನೋಡಬೇಕು. ಎಷ್ಟು ಕಲ್ಲು ಬಿತ್ತು ಎನ್ನುವ ಮಾತು ಅಂಗಡಿಯ ಮೆಟ್ಟಿಲು ಇಳಿಯಬಾರದು. ಕಲ್ಲು ಬೀಳುವ ಸದ್ದು ಮಾತ್ರ ಎಲ್ಲರ ಕಿವಿಗೂ ಬೀಳುತ್ತದೆ. ಅದಕ್ಕೆ ಯಾರೂ ಏನೂ ಮಾಡಲಾಗಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಮದುವೆಯ ಸಾಮಾನಿಗೆ ಮನೆಯಲ್ಲಿ ನಿಶ್ಚಿಂತೆಯಾಗಿರುವವರನ್ನು ಹುಡುಕಿ ಕಳಿಸುತ್ತಾರೆ. ಹಿಂದಿನ ದಿನ ಜಗಳವಾಡಿದವರು ಉಪ್ಪು ಮುಗಿದರೂ ಪಕ್ಕದ ಮನೆಯಲ್ಲಿ ಕೇಳಿ ಕಾಲ ಹಾಕುತ್ತಾರೆ. ಗಂಡಸರು ಕಟ್ಟೆಯ ಹತ್ತಿರ ಬರುವುದೇ ಇಲ್ಲ. ಜಗಲಿಯ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಾ ಹೆಂಡತಿಯರನ್ನು ಒಳಗೆ ಕಳಿಸುತ್ತಾರೆ. ಹೆಂಗಸರು ಬರುತ್ತಾರೆ, ಬೇಕೆಂದೇ ಬರುತ್ತಾರೆ. ಸಮಗಲ್ಲು ಹಾಕಿಸಿಕೊಂಡು ಹೋದ ಮೇಲೆ ಮನೆ ಮುಟ್ಟುವವರೆಗೆ ಚೀಲ ಹಗುರವಾಗಿರುತ್ತದಂತೆ. ಕೆಲವರು ದಿನಾ ಐವತ್ತು ಗ್ರಾಂ ಜೀರಿಗೆಗೆ ಬರುತ್ತಾರೆ. ಅಷ್ಟು ಜೀರಿಗೆ ಯಾವ ಅಡುಗೆಗೂ ಬೇಕಾಗುವುದಿಲ್ಲ.

ಈ ತಕ್ಕಡಿಯ ಹಿಂದಿನ ಮಣೆಯ ಮೇಲೆ ನನಗಿಂತ ಮುಂಚೆ ನಮ್ಮತ್ತೆ ಕೂರುತ್ತಿದ್ದರು. ಸಗಟು ಮಂಡಿಯ ಓಡಾಟ ಗಂಡಸರದು, ಮಣೆ ಮನೆಯ ಹೆಂಗಸರದು. ಮಣೆಯ ಮೇಲೆ ಕೂತವರ ಮನಸ್ಸು ಬರಿದಾಗಿರಬೇಕು, ಭಾರ ಬಂದ ದಿನ ಎದ್ದು ಮಣೆ ಬಿಡಬೇಕು. ಹಾಗೆ ಮಣೆ ಬಿಟ್ಟು ಎದ್ದ ಹೆಂಗಸರು ನಮ್ಮೂರಲ್ಲಿ ಇದ್ದಾರೆ. ಒಳಗಿನ ಕೋಣೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂರುತ್ತಾರೆ. ಅವರ ಅಂಗಡಿಯ ಮುಂದೆ ಹಾದು ಹೋಗುವಾಗ ನಾವೆಲ್ಲ ಸ್ವಲ್ಪ ಬೇಗ ಹೆಜ್ಜೆ ಹಾಕುತ್ತೇವೆ.

ಇನ್ನೊಂದು ಮಾತಿದೆ. ಅಂಗಡಿಯ ಮನೆಯವರು ತಮ್ಮ ಅಡುಗೆಗೆ ತೂಗಿ ತೆಗೆದುಕೊಳ್ಳುವುದಿಲ್ಲ, ಹಿಡಿಯಲ್ಲಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ಊರಿನ ಎಲ್ಲ ಹೆಂಗಸರ ಭಾರ ನನಗೆ ಗೊತ್ತಿತ್ತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಈ ಮನುಷ್ಯನದು ಗೊತ್ತಿರಲಿಲ್ಲ.

ಮಷಿನ್ನಿನ ಮಾತು ಬರುವುದಕ್ಕೆ ಎಷ್ಟೋ ಮುಂಚಿನಿಂದ ನನಗೆ ಒಂದು ಅನುಮಾನ ಹತ್ತಿತ್ತು. ಊರಿನವರ ಮನಸ್ಸು ಭಾರವಾಗುತ್ತಿತ್ತು. ಒಬ್ಬಿಬ್ಬರದಲ್ಲ, ಎಲ್ಲರದೂ. ಯಾರು ಬಂದರೂ ಒಂದೆರಡು ಕಲ್ಲು ಹೆಚ್ಚಿಗೆ ಬೇಕಾಗುತ್ತಿತ್ತು. ಬಾಣಂತನ ಮುಗಿಸಿ ನಗುನಗುತ್ತಾ ಬಂದವಳಿಗೂ ಕಲ್ಲು, ಲಾಟರಿ ಹೊಡೆದವನ ಹೆಂಡತಿಗೂ ಕಲ್ಲು. ಕೊನೆಗೆ ಪದ್ದಮ್ಮನಿಗೂ. "ನಂದೆಲ್ಲ ಮುಗೀತು ಕಣಮ್ಮಾ, ಇನ್ನೇನಿದೆ ಒಳಗೆ, ಗಾಳಿ" ಅನ್ನುವ ಹೆಂಗಸು. ಅವರ ಎದುರು ತಟ್ಟೆ ಅಲುಗಿದ್ದನ್ನು ನಾನು ಯಾವತ್ತೂ ಕಂಡವಳಲ್ಲ. ಅವರಿಗೂ ನಾನು ಕಲ್ಲು ಎಣಿಸುವ ಹಾಗಾಗಿತ್ತು.

ಇಷ್ಟು ಜನ ಒಟ್ಟಿಗೆ ಭಾರವಾಗಿದ್ದಾರೆ ಅಂದರೆ ಇವರೆಲ್ಲ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ ಮೇಲೆ ಕಂಡದ್ದೆಲ್ಲ ಅದಕ್ಕೇ ಹೊಂದಿಕೊಳ್ಳತೊಡಗಿತು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಸಾಮಾನು ತೆಗೆದುಕೊಂಡವರು ಮೊದಲಿನ ಹಾಗೆ ಕಟ್ಟೆಗೆ ಒರಗಿ ನಿಲ್ಲದೆ ಹೊರಡುತ್ತಿದ್ದರು. ಇವರು ಮಂಡಿಗೆ ಹೋದವರು ಸಂಜೆ ಮುಗಿದ ಮೇಲೆ ಬರುತ್ತಿದ್ದರು. ಕೇಳಿದರೆ, "ಬಸ್ ಸಿಗ್ಲಿಲ್ಲ" ಅನ್ನುತ್ತಿದ್ದರು. ಬಸ್ಸು ನನ್ನ ಎದುರಿಗೇ ಅಂಗಡಿಯ ಮುಂದೆ ಹೊತ್ತಿಗೆ ಸರಿಯಾಗಿ ಹಾದು ಹೋಗಿರುತ್ತಿತ್ತು. ಒಂದು ದಿನ ಹಿಂಗಿನ ಡಬ್ಬದ ಕೆಳಗೆ ಮಡಿಚಿಟ್ಟ ಬಣ್ಣದ ಕಾಗದ ಸಿಕ್ಕಿತು. ನಗುವ ಹೆಂಗಸೊಬ್ಬಳು ಬಿಲ್ಲಿಂಗ್ ಮಷಿನ್ ಪಕ್ಕ ಕೈಕಟ್ಟಿ ನಿಂತ ಚಿತ್ರ. ಅವಳು ಕೂತಿರಲಿಲ್ಲ. ಅವಳಿಗೆ ಮಣೆಯೇ ಇರಲಿಲ್ಲ.

ನಾನು ಕಾಗದವನ್ನು ಇದ್ದ ಹಾಗೇ ಇಟ್ಟೆ. ನನ್ನನ್ನು ಎಬ್ಬಿಸಲು ನೋಡುತ್ತಿದ್ದಾರೆ ಅಂದುಕೊಂಡೆ. ಯಾಕೆ ಎನ್ನುವುದಕ್ಕೆ ಕಾರಣಗಳನ್ನು ನಾನೇ ಒಂದೊಂದಾಗಿ ಹುಟ್ಟಿಸಿ ನೋಡಿದೆ. ಅಂಗಡಿ ಮಾರುವುದಿರಬಹುದು. ಮಂಡಿಯ ಕಡೆ ಯಾರೋ ಇರಬಹುದು, ಊರಿಗೆಲ್ಲ ಅದು ಗೊತ್ತಿರಬಹುದು, ಅದಕ್ಕೇ ನನ್ನ ಎದುರು ನಿಂತಾಗ ಎಲ್ಲರ ತಟ್ಟೆಯೂ ಇಳಿಯುತ್ತಿರಬಹುದು. ಐವತ್ತು ದಾಟಿದ ಹೆಂಗಸು ಗಂಡನ ಅಂಗಿಯ ಜೇಬಿಗೆ ಕೈ ಹಾಕುವುದು ಎಷ್ಟು ನಾಚಿಕೆಯ ಕೆಲಸ ಎಂದು ಆ ದಿನಗಳಲ್ಲಿ ತಿಳಿಯಿತು. ಜೇಬಿನಲ್ಲಿ ಸಿಕ್ಕಿದ್ದು ಒಂದು ಅಡಿಕೆ ಹೋಳು ಮತ್ತು ನನ್ನದೇ ಸೆರಗಿನಿಂದ ಬಿದ್ದ ಪಿನ್ನು. ಪಿನ್ನನ್ನು ಯಾಕೆ ಎತ್ತಿಟ್ಟುಕೊಂಡಿದ್ದಾರೆ ಎಂದು ಅದರ ಮೇಲೂ ಅನುಮಾನಪಟ್ಟೆ.

ಮಷಿನ್ ಮಾರುವವಳು ಬಂದದ್ದು ಸಂತೆಯ ಮಾರನೆಯ ದಿನ, ಮಧ್ಯಾಹ್ನ. ಫಿಲೋಮಿನಾ ಎಂದು ಹೆಸರು. ಬೇರೆ ಊರಿನವಳು. ಎರಡು ಪೆಟ್ಟಿಗೆಗಳನ್ನು ಆಟೋದಿಂದ ತಾನೇ ಇಳಿಸಿಕೊಂಡಳು. ಹಿಡಿಯಲು ಬಂದ ಇವರಿಗೆ, "ಬಿಡಿ ಸಾರ್, ಇದನ್ನ ಎತ್ತಿ ಎತ್ತಿ ನಮ್ಮನೆ ಗಂಡಸ್ರಿಗಿಂತ ಗಟ್ಟಿಯಾಗಿದೀನಿ" ಅಂದಳು. ಅವಳು ನಕ್ಕರೂ ನಾನು ನಗಲಿಲ್ಲ.

ಮೊದಲನೆಯ ಮಷಿನ್ನನ್ನು ಕಟ್ಟೆಯ ಮೇಲೆ ಇಟ್ಟಳು. ಪರದೆ, ಪ್ಯಾಕೆಟ್ಟಿನ ಗೆರೆ ಓದುವ ಕೆಂಪು ದೀಪ, ತೂಗಲು ಸ್ಟೀಲಿನ ತಟ್ಟೆ, ಬಿಲ್ಲು ಕಕ್ಕುವ ಬಾಯಿ. "ಯಾವ ಸಾಮಾನು ಮುಗೀತಾ ಬಂತು ಅಂತ ಅದೇ ಹೇಳತ್ತೆ ಅಕ್ಕ. ಬೆಲೆ ಬದಲಾದ್ರೆ ಒಂದ್ಸಲ ಒತ್ತಿದ್ರೆ ಸಾಕು."

"ನಮ್ಮೂರಿನ ತೂಕ?" ಅಂದೆ.

"ಅದಕ್ಕೆ ಅದೆಲ್ಲ ತಿಳಿಯಲ್ಲ. ಕಿವುಡು. ಸಕ್ಕರೆ ಹಾಕಿದ್ರೆ ಸಕ್ಕರೆ, ಅಷ್ಟೆ. ಬಸ್ ಸ್ಟ್ಯಾಂಡ್ ಅಂಗ್ಡಿಗೆ ಕೊಟ್ಟಿರೋದು ಇದನ್ನೇ."

ಬಸ್ ಸ್ಟ್ಯಾಂಡ್ ಅಂಗಡಿಯ ಸಮಾಚಾರ ನನಗೆ ಗೊತ್ತಿತ್ತು. ಅಲ್ಲಿ ತೂಕ ಸರಿಯಾಗಿಯೇ ಇರುತ್ತದೆ, ಆದರೆ ಚೀಲ ಮನೆಗೆ ತರುವಷ್ಟರಲ್ಲಿ ಭುಜ ಬಿದ್ದು ಹೋಗುತ್ತದೆ ಎಂದು ಹೆಂಗಸರು ಎರಡೇ ತಿಂಗಳಿಗೆ ವಾಪಸು ಬಂದಿದ್ದರು.

ಫಿಲೋಮಿನಾ ಎರಡನೆಯ ಪೆಟ್ಟಿಗೆ ಬಿಚ್ಚಿದಳು. "ಇದು ನಿಮ್ಮ ಸೀಮೆಗೇ ಅಂತ ಮಾಡಿಸಿರೋದು. ನಿಂತೋರ ಭಾರ ತಾನೇ ತಿಳ್ಕೊಳತ್ತೆ, ತಾನೇ ಕಳ್ಯತ್ತೆ. ಕಲ್ಲಿನ ಕೆಲಸ ಇಲ್ಲ. ಕಳೆದಿದ್ದೆಷ್ಟು ಅಂತ ಬಿಲ್ಲಿನ ಕೆಳಗೆ ಬರತ್ತೆ, ಗಿರಾಕಿಗೆ ಅನುಮಾನ ಇರಲ್ಲ."

"ಬಿಲ್ಲಿನ ಮೇಲೆ ಯಾಕೆ ಬರ್ಬೇಕು?"

"ಅದೇ ಇದರ ವಿಶೇಷ ಅಕ್ಕ."

"ಆ ಸಾಲು ತೆಗೀಬಹುದಾ?"

"ತೆಗೆಯಕ್ಕಾಗಲ್ಲ. ನಿಮಗೊಬ್ರಿಗೆ ಬೇಡ ಅನ್ಸತ್ತೆ. ಬೇಕು ಅನ್ನೋರು ಎಷ್ಟು ಜನ ಇದಾರೆ ಗೊತ್ತಾ?"

ಬೇಕು ಅನ್ನುವವರು ಆಗಲೇ ಜಗಲಿಯಲ್ಲಿದ್ದರು. ನೀರು ಸರಬರಾಜು ಕಚೇರಿಯ ಉಮಾಪತಿ ಬೆಂಚಿನ ಮೇಲೆ ಕೂತಿದ್ದ. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಅವನ ಹೆಂಡತಿ ವನಮಾಲ ಕಟ್ಟೆಯ ಹತ್ತಿರ ಸಕ್ಕರೆಗೆ ನಿಂತಿದ್ದಳು. ಈ ಊರಿಗೆ ಬಂದ ಹೊಸದರಲ್ಲಿ ಅವಳಿಗೆ ಕಲ್ಲೇ ಬೇಕಾಗುತ್ತಿರಲಿಲ್ಲ. ಹಕ್ಕಿಯ ಹಾಗೆ ಬಂದು ಹೋಗುತ್ತಿದ್ದಳು. ಈಚೆಗೆ ಅವಳದೂ ಇಳಿಯುತ್ತಿತ್ತು.  ಅವಳಿಗೆ ಏನೋ ಇದೆ ಎಂದು ನಾನೂ ಅಂದುಕೊಂಡಿದ್ದೆ. ಜಗಲಿಯ ಮೇಲಿನ ಪೇಪರಿನ ಹಿಂದೆ ಇನ್ನೊಬ್ಬನೂ ಅಂದುಕೊಳ್ಳುತ್ತಿದ್ದ.

"ಇದ್ರಲ್ಲೇ ತೂಗಿ, ನೋಡೋಣ," ಅಂದ ಉಮಾಪತಿ ಅಲ್ಲಿಂದಲೇ. "ಒಳ್ಳೇದಲ್ವಾ, ಲೆಕ್ಕ ಅಂದ್ಮೇಲೆ ಪಕ್ಕಾ ಇರ್ಬೇಕು."

ವನಮಾಲ ನನ್ನ ಮುಖ ನೋಡಿದಳು. ನಾನು ಬೇಡ ಅನ್ನುವಷ್ಟರಲ್ಲಿ ಫಿಲೋಮಿನಾ ಸಕ್ಕರೆ ಸುರಿದು, ತಾನು ದೂರ ಸರಿದು ಕೈ ಚಾಚಿ ಗುಂಡಿ ಒತ್ತಿಯಾಗಿತ್ತು. ಮಷಿನ್ ಸಣ್ಣಗೆ ಗುರುಗುಟ್ಟಿ ನಾಲಿಗೆಯಷ್ಟು ಕಾಗದ ಹೊರಗೆ ಹಾಕಿತು. ಸಕ್ಕರೆ ಅರ್ಧ ಕೆಜಿ. ಅದರ ಕೆಳಗೆ, ಕಳೆದ ಭಾರ ನೂರ ಎಪ್ಪತ್ತು ಗ್ರಾಂ.

"ಎಷ್ಟು ಬಂತು?" ಉಮಾಪತಿ ಎದ್ದು ಬಂದ.

ವನಮಾಲ ಬಿಲ್ಲನ್ನು ಮಡಿಚಿದಳು. ಇನ್ನೊಂದು ಸಲ ಮಡಿಚಿದಳು. ಗಂಡ ಬಾಗಿಲು ದಾಟುವಷ್ಟರಲ್ಲಿ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಫಿಲೋಮಿನಾ ಬಾಯಿ ತೆರೆದುಕೊಂಡು ನಿಂತಳು. "ಅದರಲ್ಲಿ ಮಸಿ ಇರತ್ತಮ್ಮಾ," ಅಂದಳು ಕೊನೆಗೆ.

ಉಮಾಪತಿ ಅವಳ ಬಾಯನ್ನೇ ನೋಡಿದ. ಸಕ್ಕರೆಯ ಚೀಲವನ್ನು ತಾನೇ ಎತ್ತಿಕೊಂಡು, "ನಡಿ ಮನೇಗೆ" ಅಂದ. ಅವರು ಹೋಗುವುದನ್ನು ನೋಡಿದೆ. ಅವನು ಮುಂದೆ, ಅವಳು ಹಿಂದೆ, ದವಡೆ ಇನ್ನೂ ಆಡುತ್ತಿತ್ತು.

"ಎರಡೂ ಇಲ್ಲೇ ಇರ್ಲಿ," ಅಂದರು ಇವರು. "ನಾಲ್ಕು ದಿನ ನೋಡಿ ಹೇಳ್ತೀವಿ."

"ನೀವೇ ನೋಡ್ಕೊಳ್ಳಿ," ಅಂದೆ. "ಹೇಗಿದ್ರೂ ನಾನು ಎದ್ಮೇಲೆ ನೀವೇ ತಾನೆ ಕೂರೋದು."

ಇವರು ಏನೋ ಹೇಳಲು ಬಾಯಿ ತೆರೆದರು. ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಈ ಮನುಷ್ಯ ಏನನ್ನೋ ಹೇಳುತ್ತಿಲ್ಲ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ನನಗೆ ಬೇಕಾಗಿರಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ರಸ್ತೆಯೂ ಖಾಲಿ. ನಾನು ಎರಡನೆಯ ಮಷಿನ್ನಿನ ಎದುರು ಕೂತು ಅದನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಬೆರಳ ತುದಿಯಲ್ಲಿ ಕಲಿತದ್ದನ್ನು ಈ ಡಬ್ಬ ಹೇಗೆ ತಿಳಿಯುತ್ತದೆ ನೋಡೋಣವೆಂದು ಗುಂಡಿ ಒತ್ತಿದೆ. ತಟ್ಟೆಯ ಮೇಲೆ ಏನೂ ಇರಲಿಲ್ಲ. ಮಷಿನ್ ಗುರುಗುಟ್ಟಿತು. ಕಳೆದ ಭಾರ ನೂರ ಎಪ್ಪತ್ತು ಗ್ರಾಂ.

ನನಗೆ ಮೊದಲು ಆದದ್ದು ಸಂತೋಷ. ಕೆಟ್ಟ ಮಷಿನ್. ಗಿರಾಕಿಯೇ ಇಲ್ಲದೆ ತೂಗುವ ಮಷಿನ್. ಫಿಲೋಮಿನಾಳಿಗೆ ಫೋನ್ ಮಾಡಿ, "ನಿಮ್ಮ ವಿಶೇಷ ಬಂದು ನೋಡಿ" ಅಂದೆ. ಪಕ್ಕದ ಬೀದಿಯ ಹೋಟೆಲಿನಲ್ಲಿ ಊಟ ಮಾಡುತ್ತಿದ್ದವಳು ಕೈ ಒರೆಸಿಕೊಳ್ಳುತ್ತಲೇ ಬಂದಳು. ತಟ್ಟೆ ತೆಗೆದು ಹಾಕಿದಳು. ವೈರು ಎಳೆದು ನೋಡಿದಳು. ಆಮೇಲೆ ಮಷಿನ್ನನ್ನೂ ನನ್ನನ್ನೂ ನೋಡಿ, "ಅಕ್ಕ, ನೀವು ಒಂಚೂರು ಜಗಲಿಗೆ ಹೋಗ್ತೀರಾ?" ಅಂದಳು.

ಹೋದೆ. ಅವಳು ಗುಂಡಿ ಒತ್ತಿದಳು. "ಮೂವತ್ತು," ಅಂದಳು ಒಳಗಿನಿಂದ. "ಇದು ನಂದು. ನಮ್ಮಮ್ಮಂಗೆ ಬರೋ ವಾರ ಆಪರೇಷನ್." ಕಟ್ಟೆಯಿಂದ ದೂರ ಸರಿದು ಕೈ ಚಾಚಿ ಮತ್ತೆ ಒತ್ತಿದಳು. "ಸೊನ್ನೆ. ಈಗ ಬನ್ನಿ."

ನಾನು ಬಂದು ಮಣೆಯ ಮೇಲೆ ಕೂತೆ. ಅವಳು ಒತ್ತಿದಳು. ಕಾಗದ ಹರಿದು ನನ್ನ ಕೈಗೆ ಕೊಡಲಿಲ್ಲ. ತಾನೇ ಅಂಗೈಯಲ್ಲಿ ಮುದುಡಿಕೊಂಡಳು. ಅವಳ ಊರಿನಲ್ಲಿ ಈ ವಾಡಿಕೆಯೆಲ್ಲ ಇಲ್ಲ. ಆದರೂ ಅವಳು ಕತ್ತೆತ್ತಿ ಜಂತೆ ನೋಡಿದಳು.

"ಮಷಿನ್ ಸರಿಯಾಗಿದೆ ಅಕ್ಕ," ಅಂದಳು.

ಅವಳು ಹೋದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಹಳೆಯ ತಕ್ಕಡಿಯ ಕಡೆ ತಿರುಗಿದೆ. ಯಾರೂ ಇಲ್ಲದ ಅಂಗಡಿಯಲ್ಲಿ ಅದರ ತಟ್ಟೆ ಇಳಿದೇ ಇತ್ತು. ಎಷ್ಟು ದಿನದಿಂದ ಹಾಗಿತ್ತೋ, ಸಾಮಾನಿನ ಧೂಳಿನ ಭಾರವೆಂದು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಊರೆಲ್ಲ ಭಾರವಾಗಿರಲಿಲ್ಲ. ಬಂದವರೆಲ್ಲರ ಹೆಸರಿನಲ್ಲಿ ನಾನು ನನ್ನ ಕಲ್ಲನ್ನೇ ಹಾಕುತ್ತಿದ್ದೆ. ತೂಕ ತಪ್ಪಿರಲಿಲ್ಲ, ಯಾರ ಬೇಳೆಯೂ ಕಡಿಮೆಯಾಗಿರಲಿಲ್ಲ. ಆದರೆ ಕಲ್ಲಿನ ಸದ್ದು ಕೇಳಿಸಿಕೊಂಡು ಒಬ್ಬೊಬ್ಬರೂ ಮನೆಗೆ ಹೋಗಿ, ನನಗೇನಾಗಿದೆ, ನನ್ನೊಳಗೆ ಏನಿದೆ ಎಂದು ತಮ್ಮನ್ನು ತಾವೇ ಕೆದಕಿಕೊಂಡಿರಬೇಕು. ವನಮಾಲ ಅಗಿದು ನುಂಗಿದ ಕಾಗದದಲ್ಲಿ ಇದ್ದದ್ದು ನಾನು.

ಪದ್ದಮ್ಮ ಜೀರಿಗೆಗೆ ಬಂದಾಗ ನಾನು ಕಲ್ಲಿನ ಡಬ್ಬಿ ಮುಟ್ಟಲಿಲ್ಲ. "ನಿಮಗೆ ಗೊತ್ತಿತ್ತಾ?" ಅಂದೆ.

ಅವರು ಜಂತೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. "ನನ್ನೊಳಗೆ ಏನೂ ಇಲ್ಲ ಅಂತ ನಂಗೊತ್ತಿಲ್ವಾ? ಮೊದಲ್ನೇ ಸಲ ಕಲ್ಲು ಬಿದ್ದಾಗ, ಅಯ್ಯೋ ಇವಳದಲ್ವಾ ಇದು ಅಂದ್ಕೊಂಡೆ. ಆಮೇಲಾಮೇಲೆ ನಾಲ್ಕು ಜನಕ್ಕೂ ಗೊತ್ತಾಯ್ತು."

"ಹೇಳ್ಬೇಕು ತಾನೆ?"

"ಹೇಳಂಗಿದ್ಯಾ? ನಿನ್ನ ಭಾರ ಇಷ್ಟು ಅಂತ ನಿನ್ನೆದುರಿಗೆ ಹೆಂಗೆ ಹೇಳೋದು? ಹೇಳಿದ್ರೆ ನೀನು ಮಣೆ ಬಿಟ್ಟು ಏಳ್ಬೇಕು. ನೀನು ಎದ್ರೆ ನಾವು ಎಲ್ಲಿಗೆ ಹೋಗೋದು, ಬಸ್ ಸ್ಟ್ಯಾಂಡಿನ ಆ ಕಿವುಡು ಮಷಿನ್ ಹತ್ರಾನಾ?" ಪದ್ದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ತಡೀಲಾರ್ದೆ ಸಂಪಂಗಪ್ಪಂಗೆ ಹೇಳ್ದೆ. ತಪ್ಪೇ ಮಾಡ್ದೆ ಅನ್ನು. ಅವ್ನು ಪಾಪ ಏನು ಮಾಡ್ತಾನೆ, ಮಷಿನ್ ಮಷಿನ್ ಅಂತ ಊರೂರು ಅಲೆದ."

ಸಂಪಂಗಪ್ಪ ಅಂದರೆ ಇವರು. ಇವರ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಇವರು ಯಾರೋ ಬೇರೆ ಮನುಷ್ಯನ ಹಾಗೆ, ನಾನು ಇನ್ನೂ ಭೇಟಿಯಾಗದ ಒಬ್ಬ ಒಳ್ಳೆಯವನ ಹಾಗೆ ಕಂಡರು.

ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಊಟದ ಹೊತ್ತು ಕಳೆದ ಮೇಲೆ ನಮ್ಮಲ್ಲಿ ಅಂಗಡಿ ಮುಚ್ಚಿ ಹುಣಸೆಹಣ್ಣಿನಲ್ಲಿ ತಕ್ಕಡಿ ತಿಕ್ಕುತ್ತಾರೆ. ಅತ್ತೆ ಇದ್ದಾಗ ತಿಕ್ಕಿ ತೊಳೆದಾದ ಮೇಲೆ ಬಾಗಿಲು ಅರ್ಧ ಎಳೆದು, "ಬಾ ಈಚೆ, ನಿಂತ್ಕೋ" ಅನ್ನುತ್ತಿದ್ದರು. ನಾನು ಗಿರಾಕಿಯ ಹಾಗೆ ಕಟ್ಟೆಯ ಈಚೆ ನಿಲ್ಲಬೇಕು. ಅವರು ಒಂದು ಮಾತೂ ಆಡದೆ ಕಲ್ಲು ಹಾಕುತ್ತಿದ್ದರು. ಮುಳ್ಳು ನೆಟ್ಟಗಾದ ಮೇಲೆ ಒಂದು ತುಂಡು ಬೆಲ್ಲ ಕೈಗೆ ಇಟ್ಟು, "ಈಗ ನೀ ಕೂತ್ಕೋ, ನಂದು ನೋಡು" ಅನ್ನುತ್ತಿದ್ದರು. ಸೊಸೆಯ ಮನಸ್ಸಿನಲ್ಲಿ ಏನಿದೆ ಎಂದು ತಿಂಗಳಿಗೊಂದು ಸಲ ಇಣುಕಿ ನೋಡುತ್ತಾರೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆಮೇಲೆ ತಮ್ಮದನ್ನು ತೂಗಿಸುವುದು ನನ್ನ ಕೈ ಪರೀಕ್ಷಿಸಲು ಎಂದುಕೊಳ್ಳುತ್ತಿದ್ದೆ. ಕಲ್ಲು ಕಡಿಮೆ ಬೀಳಲಿ ಎಂದು ಹಿಂದಿನ ದಿನದಿಂದ ಏನೂ ಯೋಚಿಸದೆ ಇರಲು ಪ್ರಯತ್ನಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ಬಂದ ಮೊದಲ ಅಮಾವಾಸ್ಯೆ ತಕ್ಕಡಿ ತಿಕ್ಕಿ ಒಣಗಲು ಇಟ್ಟು ಹಾಯಾಗಿ ಮಲಗಿದ್ದು ನೆನಪಿದೆ. ಇನ್ನು ನನ್ನನ್ನು ನೋಡುವವರು ಯಾರೂ ಇಲ್ಲ ಎಂಬ ನೆಮ್ಮದಿ ಅದು. ಹಾಗೆ ಎಷ್ಟೋ ಅಮಾವಾಸ್ಯೆಗಳು ಹೋದವು. ಊರಿನವರ ತಟ್ಟೆಯಿಂದ ನಾನು ಕಳೆಯುತ್ತ ಬಂದದ್ದೆಲ್ಲ ಎಲ್ಲೋ ಹೋಗುತ್ತದೆ ಎಂದು ನಂಬಿದ್ದೆ. ಕೂತವಳ ಮಡಿಲಲ್ಲಲ್ಲದೆ ಇನ್ನೆಲ್ಲಿ ಬೀಳಬೇಕು? ಅತ್ತೆಗೆ ಅದು ಗೊತ್ತಿತ್ತು. ಹೇಳಿಕೊಡುವ ಸ್ವಭಾವ ಅವರದಲ್ಲ, ಮಾಡಿಸುವುದಷ್ಟೇ ಗೊತ್ತು. ನನಗೆ ಕೇಳುವ ಸ್ವಭಾವ ಇರಲಿಲ್ಲ.

ಇವರು ಬಂದಾಗ ನಾನು ಬಾಗಿಲು ಅರ್ಧ ಎಳೆದಿದ್ದೆ. ತಕ್ಕಡಿ ಹೊಳೆಯುತ್ತಿತ್ತು.

"ಮಣೆ ಮೇಲೆ ಕೂತ್ಕೊಳ್ಳಿ," ಅಂದೆ.

"ನಾನಾ?"

"ಮಷಿನ್ ಬದ್ಲು ನೀವು. ಬನ್ನಿ."

ಇವರಿಗೆ ಎಲ್ಲ ತಿಳಿಯಿತು. ಪದ್ದಮ್ಮ ಹೇಳಿದರಾ ಎಂದೂ ಕೇಳಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು, ತಾಯಿಯ ಮಣೆಯನ್ನು ಒಂದು ಸಲ ಕೈಯಲ್ಲಿ ಸವರಿ ಕೂತರು. ನಾನು ಕಟ್ಟೆಯ ಈಚೆ ನಿಂತೆ. ತಟ್ಟೆ ಇಳಿಯಿತು. ಕೆಳಗಿನ ಹಲಗೆಗೆ ತಾಗಿದ ಸದ್ದು ಬಂತು.

"ಮುಳ್ಳು ನೋಡಿ, ನನ್ನ ನೋಡ್ಬೇಡಿ," ಅಂದೆ.

"ನೀನೂ ಜಂತೆ ನೋಡು ಮತ್ತೆ."

ಜಂತೆಯಲ್ಲಿ ಜೇಡರ ಬಲೆ ಇತ್ತು. ಊರಿನ ಹೆಂಗಸರೆಲ್ಲ ಇಷ್ಟು ವರ್ಷ ನೋಡಿದ ಜಾಗವನ್ನು ನಾನು ಮೊದಲ ಸಲ ಅಷ್ಟು ಹೊತ್ತು ನೋಡಿದೆ. ಕಲ್ಲು ಬೀಳತೊಡಗಿದವು. ಇವರ ಕೈಗೆ ಅಳತೆ ತಿಳಿಯದು. ಹೆಚ್ಚು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದರು. ಡಬ್ಬಿಯ ತಳ ಕೆರೆಯುವ ಸದ್ದು ಕೇಳಿತು.

"ಕಲ್ಲು ಮುಗೀತು," ಅಂದರು ಮೆಲ್ಲಗೆ.

"ಹುಣಸೆಬೀಜ ಇದೆ, ಹಾಕಿ."

"ಇದ್ರಲ್ಲಿ ನಂದೂ ಸೇರಿದೆ ಅನ್ಸತ್ತೆ ಕಣೇ. ಯಾವುದು ನಿಂದು, ಯಾವುದು ನಂದು, ಗೊತ್ತಾಗ್ತಿಲ್ಲ."

"ಒಟ್ಟಿಗೆ ಹಾಕಿ. ಆಮೇಲೆ ನೋಡೋಣ."

ಮುಳ್ಳು ನೆಟ್ಟಗಾಗುವಷ್ಟರಲ್ಲಿ ನನ್ನ ಕತ್ತು ಸೋತಿತ್ತು. ಇವರು ಬೆಲ್ಲದ ಅಚ್ಚು ಒಡೆದು ಒಂದು ತುಂಡು ಕೈಗಿಟ್ಟರು. ಬೆಲ್ಲ ಕೊಡುವುದು ಇವರಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಅರ್ಧ ಎಳೆದ ಬಾಗಿಲ ಹಿಂದೆ ಚಿಕ್ಕಂದಿನಲ್ಲಿ ನಿಂತು ತಮ್ಮ ತಾಯಿಯನ್ನೂ ಅಜ್ಜಿಯನ್ನೂ ನೋಡಿರಬೇಕು.

"ಈಗ ಏಳಿ," ಅಂದೆ. "ನಿಮ್ಮದು."

ನಮ್ಮೂರಿನ ಗಂಡಸರು ಕಟ್ಟೆಯ ಹತ್ತಿರ ಬರುವುದಿಲ್ಲ ಎಂದು ಹೇಳಿದೆನಲ್ಲ. ಇವರು ಬಾಗಿಲ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು. ಆಮೇಲೆ ಬಂದು ನಿಂತು, ಹೊಸ ಸೊಸೆಯ ಹಾಗೆ ಕತ್ತೆತ್ತಿ ಜಂತೆ ನೋಡಿದರು. ನಾನು ಮುಳ್ಳು ನೋಡಿದೆ. ಎಷ್ಟು ಬಿತ್ತು ಎಂದು ಇಲ್ಲಿ ಹೇಳುವಂತಿಲ್ಲ.

ಮಾರನೆಯ ದಿನ ಫಿಲೋಮಿನಾಳಿಗೆ ಕಿವುಡು ಮಷಿನ್ ಇರಲಿ ಅಂದೆ. ಸೋಪು, ಬಿಸ್ಕತ್ತು, ಎಣ್ಣೆ ಪ್ಯಾಕೆಟ್ಟಿಗೆ ಅದು ಸಾಕು. ಬಿಡಿ ಸಾಮಾನು ತಕ್ಕಡಿಯಲ್ಲೇ. ಇನ್ನೊಂದನ್ನು ಅವಳು ಪೆಟ್ಟಿಗೆಗೆ ಇಳಿಸುತ್ತ, "ಎದುರು ಬೀದೀಲಿ ಯಾರಾದ್ರೂ ತಗೋತಾರೆ ಬಿ​ಡಿ ಅಕ್ಕ" ಅಂದಳು. ತೆಗೆದುಕೊಳ್ಳಬಹುದು. ಅದರ ಬಗ್ಗೆ ನನಗೆ ಈಗಲೂ ಭಯವಿದೆ. ಹೊರಡುವ ಮುಂಚೆ ಅವಳು ಕಾಲು ಕೆಜಿ ಹೆಸರುಬೇಳೆ ಕೇಳಿದಳು. ಅವಳಿಗೆ ಬೇಳೆ ಬೇಕಾಗಿತ್ತೆಂದು ನನಗನ್ನಿಸಲಿಲ್ಲ. ನಿಧಾನವಾಗಿ ಸಮ ಮಾಡಿ ಕೊಟ್ಟೆ.

ಸಂಜೆ ವನಮಾಲ ಬಂದಳು. ಕಣ್ಣು ಊದಿತ್ತು. ಹಿಂದೆಯೇ ಉಮಾಪತಿ. ಈ ಸಲ ಅವನು ಬೆಂಚಿನ ಮೇಲೆ ಕೂರದೆ ಬಾಗಿಲಲ್ಲೇ ನಿಂತ, ಕಿವಿ ಒಳಗಿಟ್ಟು.

"ಅರ್ಧ ಕೆಜಿ ಅವಲಕ್ಕಿ ತುಂಗಕ್ಕ," ಅಂದು ಅವಳು ಜಂತೆಗೆ ಕಣ್ಣು ನೆಟ್ಟಳು. 

ತಟ್ಟೆ ಸ್ವಲ್ಪ ಇಳಿಯಿತು. ಎರಡು ದಿನ ಅತ್ತದ್ದರ ಭಾರ ಅದು, ಒಂದು ಸಣ್ಣ ಕಲ್ಲಿನಷ್ಟು. ಸದ್ದಾಗದ ಹಾಗೆ ಬೆರಳಿನಿಂದ ಇಟ್ಟೆ. ಮುಳ್ಳು ನೆಟ್ಟಗಾಯಿತು. ಮತ್ತೆ ಕಲ್ಲು ಬೀಳಲಿಲ್ಲ.  ವನಮಾಲ ಕಾದಳು, ಇನ್ನೂ ಸ್ವಲ್ಪ ಕಾದಳು, ಆಮೇಲೆ ನಂಬಲಾರದೆ ಕತ್ತು ಇಳಿಸಿ ನನ್ನನ್ನು ನೋಡಿದಳು.

"ಇಷ್ಟು ದಿನ ಬಿದ್ದಿದ್ದು ನಿಂದಲ್ಲಮ್ಮ, ನಂದು," ಅಂದೆ, ಬಾಗಿಲಿಗೂ ಕೇಳುವ ಹಾಗೆ.

"ಏನಂತೆ? ಸರಿಯಾಗಿ ತೂಗಿದೀರಾ?" ಉಮಾಪತಿ ದಾಪುಗಾಲು ಹಾಕಿ ಒಳಗೆ ಬಂದ. ಮುಳ್ಳನ್ನು ತಾನೇ ನೋಡಬೇಕೆಂದು ಎರಡೂ ಕೈಯನ್ನು ಕಟ್ಟೆಯ ಮೇಲೆ ಊರಿ ಬಗ್ಗಿದ.

ತಟ್ಟೆ ದಡಕ್ಕನೆ ಇಳಿಯಿತು.

ಅವನು ಅದನ್ನು ನೋಡಿದ. ವನಮಾಲಳೂ ನೋಡಿದಳು. ನಾನು ಡಬ್ಬಿಗೆ ಕೈ ಹಾಕಿ ಒಂದು ಕಲ್ಲು ತೆಗೆದೆ, ಅದನ್ನು ಬಿಟ್ಟು ಇನ್ನೂ ದೊಡ್ಡದನ್ನು ತೆಗೆದೆ. ಅದು ತಟ್ಟೆಗೆ ಬೀಳುವ ಮೊದಲೇ ಉಮಾಪತಿಯ ಕತ್ತು ತಾನಾಗಿ ಮೇಲೆದ್ದು ಜಂತೆ ಹುಡುಕಿತು.